ಹೊಳೆ ಬೀದಿಗೊಬ್ಬನೇ ಚಂದ್ರ

ನಮ್ಮ ಮನೆಯ ನಡುಮನೆಯಲ್ಲಿ ಒಬ್ಬ ಚಂದ್ರನಿದ್ದಾನೆ. ಸೋಫಾದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಮೂವತ್ತಾರು ವರ್ಷಗಳಿಂದ ಮುಳುಗದೆ ನಿಂತಿದ್ದಾನೆ. ಕಪ್ಪು ಮಖಮಲ್ ಬಟ್ಟೆಯ ಮೇಲೆ ಬಿಳಿ ಮತ್ತು ಬೆಳ್ಳಿ ಬಣ್ಣದಲ್ಲಿ ಬರೆದ ಚಿತ್ರ ಅದು. ಮೇಲೆ ಹುಣ್ಣಿಮೆಯ ಚಂದ್ರ, ಕೆಳಗೆ ಹೊಳೆ, ದಂಡೆಯಲ್ಲೊಂದು ಹುಲ್ಲಿನ ಗುಡಿಸಲು, ಮರದ ಬುಡದಲ್ಲಿ ಕೊಳಲು ಹಿಡಿದ ದನಗಾಹಿ, ಮೂರು ಹಸು, ಕೊಡ ಹೊತ್ತ ಒಬ್ಬ ಹೆಂಗಸು. ಇಂಥದ್ದನ್ನು ನೀವೂ ಯಾರದೋ ಮನೆಯಲ್ಲಿ ನೋಡಿರುತ್ತೀರಿ. ನಮ್ಮ ಚಿತ್ರದ ವಿಶೇಷ ಇರುವುದು ಬಲಗಡೆ ಮೂಲೆಯಲ್ಲಿ. ಅಲ್ಲಿ ಎರಡು ಬೆರಳಗಲದ ಬಟ್ಟೆ ಚೂರು, ಅದರ ಮೇಲೆ ಜರಿದಾರದಲ್ಲಿ ಕಸೂತಿ ಮಾಡಿದ ಹೆಸರು: ಕು. ಶಾರದಾ. ಆ ಚೂರನ್ನು ಚಿತ್ರಕ್ಕೆ ಹೊಲಿದಿಲ್ಲ, ಪಿನ್ನು ಹಾಕಿ ಸಿಗಿಸಿದೆ. ಮನೆಗೆ ಬಂದವರು ಚಂದ್ರನನ್ನು ನೋಡುತ್ತಾರೆ, ನಾನು ಪಿನ್ನನ್ನು ನೋಡುತ್ತೇನೆ.

"ಯಾರು ಬರೆದದ್ದು?" ಎಂದು ಬಂದವರು ಕೇಳುತ್ತಾರೆ. "ನಮ್ಮ ಶಾರದಾ," ಎಂದು ನಮ್ಮವರು ಹೇಳುತ್ತಾರೆ. ಅಷ್ಟು ಹೊತ್ತಿಗೆ ನಾನು ಅಡುಗೆಮನೆಯಲ್ಲಿರುತ್ತೇನೆ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ನಮ್ಮ ಮನೆಯಷ್ಟು ಬೇಗ ಚಹಾ ಸಿಗುವ ಮನೆ ಇನ್ನೊಂದಿಲ್ಲ ಎಂದು ಹೆಸರಾಗಿದೆ. ಅದಕ್ಕೆ ಇದೇ ಕಾರಣ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಆ ಚಿತ್ರ ನಾನು ಬರೆದದ್ದಲ್ಲ. ನನ್ನ ಹೆಸರು ಶಾರದಾ ಕೂಡ ಅಲ್ಲ.

ನಾನು ಹುಟ್ಟಿ ಬೆಳೆದದ್ದು ಹರಿಹರದ ಹೊಳೆ ಬೀದಿಯಲ್ಲಿ. ನನಗೆ ಇಪ್ಪತ್ತೆರಡಾಗಿದ್ದಾಗ ಆ ಬೀದಿಯಲ್ಲಿ ಮದುವೆಗೆ ಬಂದ ಹುಡುಗಿಯರು ಏಳು ಮಂದಿ ಇದ್ದೆವು. ಹೆಣ್ಣು ನೋಡಲು ಬಂದವರು ಹುಡುಗಿಯ ನಡಿಗೆ ನೋಡಿ, ಒಂದು ಹಾಡು ಕೇಳಿ, ಆಮೇಲೆ "ಕೈಕೆಲಸ ಏನೇನು ಬರ್ತೈತೆ?" ಎಂದು ವಿಚಾರಿಸುವುದು ಆಗಿನ ಪದ್ಧತಿ. ಉತ್ತರ ಗೋಡೆಯ ಮೇಲಿರಬೇಕು. ಮಣಿ ತೋರಣ, ಕ್ರೋಶಾ ಹಾಕಿದ ಟಿ.ವಿ. ಹೊದಿಕೆ, ಪ್ಲಾಸ್ಟಿಕ್ ವೈರಿನ ಬುಟ್ಟಿ ಎಲ್ಲರ ಮನೆಯಲ್ಲೂ ಇದ್ದವು. ಅವುಗಳಿಗೆಲ್ಲ ಮಿಗಿಲಾದದ್ದು ಬೆಳದಿಂಗಳ ಚಿತ್ರ. ಅದು ಮಾತ್ರ ಬೀದಿಗೆಲ್ಲ ಒಂದೇ ಇತ್ತು.

ಬರೆದವಳು ಕೊನೆಯ ಮನೆಯ ಗಂಗಕ್ಕ. ರವಿಕೆ ಹೊಲಿಯುವುದು ಅವಳ ಕೆಲಸ. ಯಾರೋ ಮಖಮಲ್ಲಿನ ರವಿಕೆ ಹೊಲಿಸಿಕೊಂಡು ಮಿಕ್ಕ ಬಟ್ಟೆ ಬಿಟ್ಟು ಹೋಗಿದ್ದರಂತೆ. ಗಂಗಕ್ಕನ ಹಿತ್ತಲ ಬಾಗಿಲು ತೆಗೆದರೆ ನೇರ ತುಂಗಭದ್ರೆ ಕಾಣುತ್ತದೆ. ಕಂಡದ್ದನ್ನು ಬಟ್ಟೆಯ ಮೇಲಿಟ್ಟಳು, ಯಾರಿಗೋ ತೋರಿಸುವ ಉಮೇದಿನಿಂದಲ್ಲ, ಒಳ್ಳೆಯ ಬಟ್ಟೆ ಹಾಳಾಗಬಾರದೆಂದು. ಮೊದಲು ಒಬ್ಬರು ತಮ್ಮ ಮಗಳನ್ನು ನೋಡಲು ಬರುವ ದಿನ ಅದನ್ನು ಕೇಳಿ ಒಯ್ದರು. ಆಮೇಲೆ ಮತ್ತೊಬ್ಬರು ಒಯ್ದರು. ಹಬ್ಬಕ್ಕೆ ದೊಡ್ಡ ಪಾತೇಲಿ ಕೇಳಿ ತರುವ ಹಾಗೆ ನಮ್ಮ ಬೀದಿಯಲ್ಲಿ ಚಂದ್ರನನ್ನು ಕೇಳಿ ತರುವುದು ರೂಢಿಯಾಯಿತು.

ಅದಕ್ಕೆ ಕಟ್ಟುಪಾಡೂ ಇತ್ತು. ಸಂಜೆಯೊಳಗೆ ವಾಪಸು ಕೊಡಬೇಕು, ಒದ್ದೆ ಕೈಯಲ್ಲಿ ಮುಟ್ಟಬಾರದು, ಬಂದವರಿಗೆ ಮಾಡಿದ ತಿಂಡಿಯಲ್ಲಿ ಒಂದು ತಟ್ಟೆ ಗಂಗಕ್ಕನಿಗೆ ಮುಟ್ಟಿಸಬೇಕು. ಗಂಡು ಎಂಥವನು ಎಂಬುದನ್ನು ಗಂಗಕ್ಕ ಆ ತಟ್ಟೆ ನೋಡಿಯೇ ಹೇಳುತ್ತಿದ್ದಳು. ಉಪ್ಪಿಟ್ಟಿನಲ್ಲಿ ಗೋಡಂಬಿ ಇದ್ದರೆ ಹುಡುಗ ಬ್ಯಾಂಕಿನಲ್ಲಿದ್ದಾನೆ, ಬರೀ ಕಡಲೆಬೇಳೆ ಇದ್ದರೆ ಇನ್ನೂ ಅರ್ಜಿ ಹಾಕುತ್ತಿದ್ದಾನೆ. ಬೀದಿಯ ಏಳೂ ಹುಡುಗಿಯರ ಹೆಸರನ್ನು ಅವಳೇ ಬೇರೆ ಬೇರೆ ಚೂರುಗಳ ಮೇಲೆ ಕಸೂತಿ ಮಾಡಿ ತನ್ನ ಗುಂಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಯಾರ ಮನೆಗೆ ಚಿತ್ರ ಹೊರಟಿತೋ ಅವರ ಹೆಸರಿಗೆ ಪಿನ್ನು. ಇಷ್ಟೊಂದು ಅಚ್ಚುಕಟ್ಟಾದ ಮೋಸವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನನ್ನನ್ನು ನೋಡಲು ದಾವಣಗೆರೆಯ ಜವಳಿ ಅಂಗಡಿಯವರು ಬಂದ ಭಾನುವಾರ, ಆ ಗಡಿಬಿಡಿಯಲ್ಲಿ, ಹೆಸರು ಬದಲಿಸುವುದನ್ನು ಎಲ್ಲರೂ ಮರೆತರು. ಹಿಂದಿನ ಗುರುವಾರ ಚಿತ್ರ ಎದುರು ಮನೆಯ ಶಾರದೆಯ ಗೋಡೆಯಲ್ಲಿತ್ತು. ಹುಡುಗನ ತಾಯಿ ಎದ್ದು ಹೋಗಿ, ಕನ್ನಡಕ ಏರಿಸಿ, "ಕು. ಶಾರದಾ" ಎಂದು ದೊಡ್ಡದಾಗಿ ಓದಿದರು. ಅಪ್ಪ ಸೂರು ನೋಡತೊಡಗಿದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಅವ್ವ ಒಂದು ಹೆಜ್ಜೆಯೂ ತಪ್ಪಲಿಲ್ಲ.

"ಅದು ಸಾಲಿ ಹೆಸರು ರೀ. ಮನೇಲಿ ಸುವರ್ಣಾ ಅಂತೀವಿ. ಕೂಡ್ರಿ, ತಿಂಡಿ ಆರ್ತೈತೆ."

ಹುಡುಗ ಆವತ್ತು ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ನೀವೇ ಬರೆದದ್ದಾ?" ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆ ಎಂದು ನನಗೇ ಗೊತ್ತಾಗಲಿಲ್ಲ.

ಆದರೆ ಬೆಳದಿಂಗಳು ತನ್ನ ಕೆಲಸ ಮಾಡಿತ್ತು. "ಬೆಳದಿಂಗಳು ಬರೆಯೋ ಕೈ ತಣ್ಣಗಿರ್ತೈತೆ. ಈ ಹುಡುಗಿ ಮನೇಲಿ ದನಿ ಎತ್ತೋಳಲ್ಲ," ಎಂದು ಅತ್ತೆ ತೀರ್ಪು ಕೊಟ್ಟರು. ಶಿವನ ತಲೆಯ ಮೇಲಿರುವವನು ಹೆಣ್ಣಿನ ಮನೆಯ ಗೋಡೆಯ ಮೇಲೂ ಇದ್ದಾನೆ, ಶುಭ ಎಂದರು. ಮಾವ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, "ಮಾಲು ಚಲೋ ಐತೆ," ಎಂದರು. ಚಂದ್ರನೆಂದರೆ ಪ್ರೇಮ, ಚಂದ್ರನೆಂದರೆ ವಿರಹ, ಹಳ್ಳಿಯ ಮೇಲೆ ಬಿದ್ದ ಬೆಳದಿಂಗಳೆಂದರೆ ನಾವು ಕಳೆದುಕೊಂಡ ನೆಮ್ಮದಿ ಎಂದೆಲ್ಲ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಬರೆಸಿದ್ದರು. ನನ್ನ ಪಾಲಿಗೆ ಅವನು ನಡತೆಯ ಪ್ರಮಾಣಪತ್ರವಾದ. ನನ್ನ ನಿಜವಾದ ನಡತೆ ಗೊತ್ತಿದ್ದವರು ಹೊಳೆ ಬೀದಿಯವರು. ನಾನು ತಮ್ಮನ ಜೊತೆ ಜಗಳಕ್ಕೆ ನಿಂತರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಿದ್ದರು.

ಲಗ್ನಪತ್ರಿಕೆಯಲ್ಲಿ "ಸುವರ್ಣಾ ಉರುಫ್ ಶಾರದಾ" ಎಂದು ಅಚ್ಚಾಯಿತು. ಅತ್ತೆಯ ಮನೆಯಲ್ಲಿ ಉರುಫ್ ಮಾತ್ರ ಉಳಿಯಿತು. ಸಾಮಾನು ಕಟ್ಟುವಾಗ, "ಆ ಚಂದ್ರನ ಚಿತ್ರ ಇಟ್ಟೀರಿ ತಾನೆ?" ಎಂದು ಬೀಗರಿಂದ ಫೋನು ಬಂತು. ಅವ್ವ ಸೆರಗು ಹಿಂಡುತ್ತಾ ನಿಂತಳು. ಗಂಗಕ್ಕ ತಾನೇ ಚಿತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ ತಂದುಕೊಟ್ಟು, "ಒಯ್ಯಿ, ಇನ್ನೊಂದು ಬರಕೊಂತೀನಿ," ಎಂದಳು. ನಾಚಿಕೆಯಿಂದ ನಾನು ಅವಳ ಮುಖ ನೋಡಲಿಲ್ಲ. ಆಮೇಲೂ ತವರಿಗೆ ಹೋದಾಗಲೆಲ್ಲ ಬೀದಿಯ ಈ ತುದಿಯಿಂದಲೇ ನಮ್ಮ ಮನೆಯೊಳಗೆ ನುಸುಳಿಬಿಡುತ್ತಿದ್ದೆ.

ಮದುವೆಯಾಗಿ ಮೂರು ತಿಂಗಳಿಗೆ ಅತ್ತೆ ಅಂಗಡಿಯಿಂದ ಒಂದು ಗಜ ಮಖಮಲ್, ಆರು ಬಣ್ಣದ ಶೀಷೆ ತರಿಸಿ ನನ್ನ ಮುಂದಿಟ್ಟರು. ಅವರ ತಮ್ಮನ ಮನೆಗೂ ಒಬ್ಬ ಚಂದ್ರ ಬೇಕಂತೆ. ಆವತ್ತು ಬೆಳಗ್ಗೆ ಕೆಂಪು ಚಟ್ನಿಗೆ ಮೆಣಸಿನಕಾಯಿ ರುಬ್ಬಿ ನನ್ನ ಕೈ ಕೆಂಪಗೆ ಊದಿಕೊಂಡಿತ್ತು. ಅದನ್ನೇ ಮುಂದೆ ಚಾಚಿ, "ಬಣ್ಣ ಮುಟ್ಟಿದ್ರೆ ಹಿಂಗೆ ಆಗ್ತೈತೆ ಅತ್ತಿ, ಅಲರ್ಜಿ," ಎಂದೆ. ಅತ್ತೆ ನಂಬಿದರು. ನನಗೆ ಉಸಿರು ಬಂತು. ಹೋಳಿ ಹುಣ್ಣಿಮೆಗೆ ಬರೀ ಎಂಟು ದಿನ ಉಳಿದಿತ್ತು ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ದಾವಣಗೆರೆಯ ಹೋಳಿ ನಿಮಗೆ ಗೊತ್ತಲ್ಲ! ಆವತ್ತು ಈ ಊರಿನಲ್ಲಿ ಬಿಳಿಯಾಗಿ ಉಳಿಯುವುದು ಮಂಡಕ್ಕಿ ಒಂದೇ. ನನಗೋ ಹೋಳಿಯೆಂದರೆ ಜೀವ. ಹರಿಹರದಲ್ಲಿ ಹಂಡೆಗಟ್ಟಲೆ ಬಣ್ಣ ಕಲಸಿದವಳು ನಾನು. ಅಂಥವಳು ಮೂವತ್ತಾರು ಹೋಳಿಗಳನ್ನು ಮಾಳಿಗೆಯ ಕಿಟಕಿಯಿಂದ ನೋಡಿದ್ದೇನೆ. ಕೆಳಗೆ ಓರಗಿತ್ತಿಯರು, ಅಕ್ಕಪಕ್ಕದವರು ಹಸಿರು ನೀಲಿಯಾಗಿ ಕುಣಿಯುತ್ತಿದ್ದರೆ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಮ್ಮವರೂ ಆಡಲು ಹೋಗುತ್ತಿರಲಿಲ್ಲ. ಪೇಪರು ಹಿಡಿದು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ನನ್ನ ಸಲುವಾಗಿ ಹಬ್ಬ ಬಿಟ್ಟ ಗಂಡ ಎಂದು ನನ್ನ ಪಾಪಪ್ರಜ್ಞೆ ದುಪ್ಪಟ್ಟಾಗುತ್ತಿತ್ತು.

ಆ ಚಿತ್ರವನ್ನು ಒಬ್ಬರೇ ಒಬ್ಬರು ಸರಿಯಾಗಿ ತನಿಖೆ ಮಾಡಿದ್ದುಂಟು. ಹದಡಿ ಹಳ್ಳಿಯ ನಮ್ಮ ಸೋದರಮಾವ. ಭತ್ತದ ಗದ್ದೆಯವರು. ಬೆಳದಿಂಗಳೆಂದರೆ ಅವರಿಗೆ ಬ್ಯಾಟರಿ ಹಿಡಿಯದೆ ಗದ್ದೆಗೆ ನೀರು ತಿರುವಬಹುದಾದ ದಿನಗಳು, ಅಷ್ಟೇ. ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿ, "ಅಲ್ಲವಾ, ಇಷ್ಟೊತ್ತಿನಾಗ ದನ ಯಾಕ ಹೊರಗ ಅದಾವು? ಇವನು ಕೊಳಲು ಊದ್ಕೊಂತ ಕುಂತ್ರೆ ಅವು ಯಾರದಾರ ಗದ್ದಿಗೆ ಬೀಳಂಗಿಲ್ಲೇನು?" ಎಂದರು. "ಈ ಹೆಣಮಗಳು ಹುಣ್ಣಿಮಿ ರಾತ್ರಿ ನೀರು ತರಾಕ ಹೊಂಟಾಳ ಅಂದ್ರ ಮನ್ಯಾಗಿನ ಗಂಡಸರು ಏನು ಮಾಡಾಕತ್ಯಾರ?" ನಾನು ಬರೆದಿದ್ದರಲ್ಲವೇ ಉತ್ತರ ಕೊಡುವುದು? ಚಹಾ ಮಾಡಲು ಹೋದೆ.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಈ ಸಲದ ಹೋಳಿ ಇನ್ನು ಐದೇ ದಿನ ಇದೆ ಎನ್ನುವಾಗ ನನ್ನ ಮೊಮ್ಮಗಳು ಅನ್ವಿ ಶಾಲೆಯಿಂದ ಓಡುತ್ತಾ ಬಂದಳು. ಮೂರನೇ ತರಗತಿ. ಮಗ ಸೊಸೆ ಇಬ್ಬರೂ ಹಲ್ಲಿನ ಡಾಕ್ಟರು, ಹಾಗಾಗಿ ಅವಳು ನನ್ನ ಕೈಯಲ್ಲೇ ಬೆಳೆದವಳು. ಶನಿವಾರ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನವಂತೆ. ಒಬ್ಬರ ಅಜ್ಜ ಯೋಗ ತೋರಿಸುತ್ತಾರೆ, ಒಬ್ಬರ ಅಜ್ಜಿ ಸೋಬಾನೆ ಹೇಳುತ್ತಾರೆ.

"ನಮ್ಮ ಅಜ್ಜಿ ದೊಡ್ಡ ಆರ್ಟಿಸ್ಟು ಅಂತ ಮಿಸ್‌ಗೆ ಹೇಳೀನಿ. ನೀನು ಎಲ್ರ ಮುಂದೆ ಮೂನ್‌ಲೈಟ್ ಹಳ್ಳಿ ಬರೀಬೇಕು!"

"ಪುಟ್ಟಾ, ನನಗೆ ಬಣ್ಣ ಅಲರ್ಜಿ ಅಲ್ಲೇನೇ?"

"ಗ್ಲೌಸು ಹಾಕ್ಕೋ. ಅಪ್ಪನ ಕ್ಲಿನಿಕ್‌ನಾಗೆ ರಾಶಿ ಬಿದ್ದಾವೆ."

ಮೂವತ್ತಾರು ವರ್ಷ ಯಾರ ಕೈಗೂ ಸಿಗದ ಉಪಾಯ ಎಂಟು ವರ್ಷದ ಹುಡುಗಿಗೆ ಎರಡು ಸೆಕೆಂಡಿಗೆ ಸಿಕ್ಕಿತು. ಅಂದು ನನಗೆ ಅನ್ನ ಸೇರಲಿಲ್ಲ. ಅತ್ತೆಯ ಮುಂದೆ ಬಯಲಾಗಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು, ಅವರೀಗ ಇಲ್ಲ. ಈ ಹುಡುಗಿ ನನ್ನನ್ನು ನೋಡುವಾಗ ಅವಳ ಕಣ್ಣಲ್ಲಿ ಇರುವ ಹೊಳಪು ಇಂಗಿಬಿಟ್ಟರೆ? ಅದು ನನಗೆ ತಡೆಯಲಾಗದ ಮಾತು. ಮರುದಿನ, ಗುರುವಾರ, ಮಧ್ಯಾಹ್ನದ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಈ ಸಲ ಬೀದಿಯ ಕೊನೆಯವರೆಗೂ ನಡೆದೆ.

ಗಂಗಕ್ಕನಿಗೆ ಈಗ ಎಪ್ಪತ್ತೆಂಟು. ಕಣ್ಣಿನ ಪೊರೆ ತೆಗೆಸಿಕೊಂಡು ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ನಾನು ಹೊಸಲಲ್ಲೇ ನಿಂತು ಅಳುವುದಕ್ಕೆ ಶುರುಮಾಡಿದೆ. ಅವಳು ಕಾಲು ನಿಲ್ಲಿಸದೆ, "ಮೊದಲು ಹೇಳು, ತಟ್ಟಿಯಾಗ ಏನು ತಂದಿ?" ಎಂದಳು. ಪುಣ್ಯಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಪಾಕು ಕಟ್ಟಿಸಿಕೊಂಡಿದ್ದೆ.

ಎಲ್ಲ ಕೇಳಿ ಅವಳು ನಕ್ಕದ್ದಕ್ಕೆ ಮಿಷನ್ನೇ ಅಲುಗಾಡಿತು. "ನೀನೊಬ್ಬಾಕಿ ಅಂತ ತಿಳಕೊಂಡೀಯೇನು? ನೀನು ಒಯ್ದ ಮ್ಯಾಲೆ ಇನ್ನೂ ಎರಡು ಬರದೆ. ಒಂದು ರಾಣೆಬೆನ್ನೂರಿಗೆ ಹೋತು, ಒಂದು ಚನ್ನಗಿರಿಗೆ. ಅವರಿಗೂ ಅಲರ್ಜಿನೇ ಇರ್ಬೇಕು." ಈ ಸೀಮೆಯಲ್ಲಿ ನನ್ನಂಥ ಕಲಾವಿದೆಯರು ಇನ್ನೂ ಇಬ್ಬರು ಇದ್ದಾರೆಂದು ತಿಳಿದು ನನಗೆ ಅರ್ಧ ಸಮಾಧಾನವಾಯಿತು.

ಅವಳು ಒಂದು ಕಪ್ಪು ಬಟ್ಟೆ ಹಾಸಿ ಕುಂಚ ನನ್ನ ಕೈಗೆ ಕೊಟ್ಟಳು. ನಾನು ಹಸುವಿನಿಂದ ಆರಂಭಿಸಿದೆ. ಕೊಂಬು, ಕಿವಿ, ಹೊಟ್ಟೆ, ನಾಲ್ಕು ಕಾಲು, ಬಾಲ, ಒಂದೂ ಬಿಡಲಿಲ್ಲ. ಗಂಗಕ್ಕ ನೋಡಿ, "ಇದು ಟ್ರಂಕು," ಎಂದಳು. ಆಮೇಲೆ ನನ್ನ ಕೈ ಹಿಡಿದು ಹಸುವಿನ ಬೆನ್ನ ಮೇಲೆ ಒಂದೇ ಒಂದು ಬಿಳಿ ಗೆರೆ ಎಳೆಸಿದಳು. ಕೊಂಬಿನ ತುದಿಗೆ ಎರಡು ಚುಕ್ಕೆ.

"ಚಂದ್ರ ಎಲ್ಲಿ ಮುಟ್ಯಾನ, ಅಷ್ಟೇ ಬರಿ. ಸೂರಿನ ಅಂಚು, ಕೊಡದ ಕಂಠ, ದನದ ಬೆನ್ನು. ಉಳಿದದ್ದನ್ನ ಕತ್ತಲಿಗೆ ಬಿಡು, ನೋಡೋರು ತಾವೇ ತುಂಬಿಸ್ಕೊಂತಾರ. ಎಲ್ಲಾನೂ ಬರೆಯಾಕ ಹೋದ್ರೆ ಹಗಲಾಗಿಬಿಡ್ತೈತೆ."

ನಮ್ಮ ನಡುಮನೆಯ ಚಿತ್ರವನ್ನು ಅಷ್ಟು ವರ್ಷ ನೋಡಿಯೂ ಅದರ ಹಸುಗಳಿಗೆ ಕಾಲೇ ಇಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಕಾಲನ್ನೆಲ್ಲ ನಾನೇ ಕೊಟ್ಟಿದ್ದೆ.

ಹೊರಡುವಾಗ ಗಂಗಕ್ಕ ಗುಂಡಿ ಡಬ್ಬಿ ಸುರುವಿ, ತಡಕಾಡಿ, ಮಾಸಿದ ಒಂದು ಚೂರನ್ನು ನನ್ನ ಅಂಗೈಗಿಟ್ಟಳು. ಕು. ಸುವರ್ಣಾ. ಆ ಭಾನುವಾರ ಪಿನ್ನು ಹಾಕಲು ಮರೆತದ್ದು. ಅದನ್ನು ನೋಡಿ ನನಗೆ ಕಳೆದುಹೋದ ತಂಗಿಯೊಬ್ಬಳು ಸಿಕ್ಕಷ್ಟು ಸಂತೋಷವಾಯಿತು. "ನಿನ್ನ ಹೆಸರಿಂದು ಎಲ್ಲಿ, ಗಂಗಕ್ಕ?" ಎಂದೆ.

"ನಂದ್ಯಾಕ? ನನ್ನ ನೋಡಾಕ ಯಾರು ಬರ್ತಾರ?"

ನಾನು ಬಿಡಲಿಲ್ಲ. ಅವಳು ಗೊಣಗುತ್ತಲೇ ಒಂದು ಚೂರು ಕತ್ತರಿಸಿ, ಜರಿದಾರ ಪೋಣಿಸಿ, ತನ್ನ ಹೆಸರನ್ನು ಮೊದಲ ಬಾರಿ ಹೊಲಿದಳು. ಮುಗಿಸಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿಕೊಂಡಳು. ಹಿತ್ತಲ ಬಾಗಿಲಲ್ಲಿ ಏಕಾದಶಿಯ ಚಂದ್ರ ಇನ್ನೂ ಬಿಸಿಲಿರುವಾಗಲೇ ಹೊಳೆಯ ಮೇಲೆ ಬಂದು ನಿಂತಿದ್ದ.

ಶನಿವಾರ ಶಾಲೆಗೆ ಗ್ಲೌಸಿಲ್ಲದೆ ಹೋದೆ. ಅರವತ್ತು ಮಕ್ಕಳು, ಅವರ ಅಜ್ಜ ಅಜ್ಜಿಯರು, ಎದುರಿಗೆ ಕಪ್ಪು ಡ್ರಾಯಿಂಗ್ ಹಾಳೆ. ಬಳೆ ಒತ್ತಿ ಚಂದ್ರನನ್ನು ಎಳೆದೆ, ಅವನು ಚೆನ್ನಾಗಿಯೇ ಬಂದ. ಹೊಳೆಯೂ ಬಂತು. ಹಸುವಿನ ಬೆನ್ನಿಗೆ ಒಂದು ಗೆರೆ ಎಳೆದು ನಿಲ್ಲಿಸಬೇಕಿತ್ತು, ಭಯಕ್ಕೆ ಇನ್ನೊಂದು ಎಳೆದೆ. "ನಾಯಿ!" ಎಂದು ಮುಂದಿನ ಸಾಲು ಕೂಗಿತು. ಹಿಂದಿನ ಸಾಲು ನಕ್ಕಿತು. ಅನ್ವಿ ನಗಲಿಲ್ಲ. ಅವಳ ಮುಖ ನೋಡಿದೆ, ಇನ್ನು ತಡೆಯಲಾಗಲಿಲ್ಲ.

"ಮಕ್ಕಳೇ, ನಾನು ಆರ್ಟಿಸ್ಟ್ ಅಲ್ಲ. ನಮ್ಮ ಮನೆಯಲ್ಲಿರೋ ಚಂದ್ರನ್ನ ಬರೆದೋಳು ಹರಿಹರದ ಗಂಗಕ್ಕ. ನಾನು ಬರೆದೆ ಅಂತ ಸುಳ್ಳು ಹೇಳಿದ್ದೆ. ನಾನು ನಿಜವಾಗಿ ಬರೆದ ಮೊದಲನೇ ಚಿತ್ರ ಇದು, ಈಗ, ನಿಮ್ಮೆದುರಿಗೆ. ಅದಕ್ಕೇ ಹಸು ನಾಯಿಯಾಗೈತೆ."

ಯಾರೋ ಒಬ್ಬ ಅಜ್ಜ ಚಪ್ಪಾಳೆ ತಟ್ಟಿದರು. ನನಗೆ ಬೇಕಾಗಿದ್ದದ್ದು ಅವರ ಚಪ್ಪಾಳೆಯಲ್ಲ. ಅನ್ವಿ ಎದ್ದು ನಿಂತಿದ್ದಳು. ಹುಬ್ಬು ಗಂಟಿಕ್ಕಿ ಏನೋ ಲೆಕ್ಕ ಹಾಕುತ್ತಿದ್ದಳು.

"ಅಜ್ಜಿ, ಹಂಗಾದ್ರೆ ಅಲರ್ಜಿನೂ ಸುಳ್ಳಾ?"

"ಹೂಂ ಪುಟ್ಟಾ. ಅದೂ ಸುಳ್ಳು."

"ಹಂಗಾದ್ರೆ ನೀನು ಹೋಳಿ ಆಡಬಹುದು!"

ಇಡೀ ಸಭಾಂಗಣದಲ್ಲಿ ಅವಳೊಬ್ಬಳೇ ಕುಣಿದಳು. ಚಿತ್ರ ಯಾರು ಬರೆದರೆ ಅವಳಿಗೇನು? ಬಣ್ಣ ಹಚ್ಚಲು ಇನ್ನೊಂದು ಮುಖ ಸಿಕ್ಕಿತ್ತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಅವಳ ಮಿಸ್ ಬಂದು ನೀರು ಕೊಟ್ಟರು.

ಮನೆಗೆ ಬಂದವಳೇ ಅನ್ವಿ ಅಜ್ಜನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ನಮ್ಮವರು ಪೇಪರು ಕೆಳಗಿಟ್ಟರು. ಮುಖ ಸಪ್ಪಗಾಯಿತು.

"ಅದನ್ನ ಹೇಳಬಾರದಿತ್ತು ಕಣೇ," ಎಂದರು. "ನನಗೆ ಮೊದಲೇ ಗೊತ್ತಿತ್ತು. ನಿಮ್ಮನೆಗೆ ಬರೋಕೆ ಮುಂಚಿನ ಗುರುವಾರ ಎದುರು ಮನೆ ಶಾರದಾನ ನೋಡಾಕೆ ನಾನು, ಅಪ್ಪನ ಗೆಳೆಯರು ಬಂದಿದ್ವಿ. ಅದೇ ಚಂದ್ರ, ಅವೇ ಮೂರು ದನ. ಭಾನುವಾರ ನಿಮ್ಮನೇಲೂ ಅದೇ, ಹೆಸರು ಸಮೇತ."

ನಾನು ಅವರೆದುರು ಹೋಗಿ ನಿಂತೆ. "ಮತ್ತೆ ಸುಮ್ಮನೆ ಯಾಕಿದ್ರಿ?"

"ನೀವೇ ಬರೆದದ್ದಾ ಅಂದ್ರೆ ಆ ಹುಡುಗಿ ಹೌದ್ರಿ ಅಂತ ಪಟ್ಟಂತ ಹೇಳಿದ್ಲು. ನೀನು ಹೌದೂ ಅನ್ನಲಿಲ್ಲ, ಅಲ್ಲಾನೂ ಅನ್ನಲಿಲ್ಲ. ಹರಿಹರದೋಳು ಅಲ್ವಾ, ಅರ್ಧ ಹರಿ ಅರ್ಧ ಹರ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋಳ ಜೊತೆ ನಿಶ್ಚಿಂತೆಯಿಂದ ಇರಬಹುದು ಅನ್ನಿಸ್ತು."

ನನಗೆ ಕಣ್ಣು ತುಂಬಿ ಬಂತು. ಆದರೆ ಅವರ ಮುಖ ಇನ್ನೂ ಸಪ್ಪಗೇ ಇತ್ತು. ಕೆದಕಿ ಕೇಳಿದ ಮೇಲೆ ಹೊರಬಿತ್ತು ನೋಡಿ. ನಮ್ಮ ಯಜಮಾನರಿಗೆ ಹೋಳಿಯೆಂದರೆ ಚಿಕ್ಕಂದಿನಿಂದ ಪ್ರಾಣಭಯ. ಪ್ರತಿ ವರ್ಷ ಬಾಗಿಲಿಗೆ ಬಂದ ಗೆಳೆಯರಿಗೆ, "ನಮ್ಮವಳಿಗೆ ಅಲರ್ಜಿ, ನಾನು ಬಣ್ಣ ಹಚ್ಕೊಂಡು ಒಳಗೆ ಹೋದ್ರೆ ಅವಳ ಮೈ ಊದುತ್ತೆ," ಎಂದು ಹೇಳಿ ಪಾರಾಗುತ್ತಿದ್ದರಂತೆ. ನಾನು ಮೂವತ್ತಾರು ವರ್ಷ ಕಿಟಕಿಯಲ್ಲಿ ಕಣ್ಣೀರು ಹಾಕಿದ್ದು, ಇವರು ಪಕ್ಕದಲ್ಲಿ ತಣ್ಣಗೆ ಕೂತು ಪೇಪರು ಓದಿದ್ದು!

ಬೆಳದಿಂಗಳ ಕೈ ತಣ್ಣಗಿರುತ್ತದೆ ಎಂದಿದ್ದ ಅತ್ತೆ ಆವತ್ತು ಇದ್ದಿದ್ದರೆ ತೀರ್ಪು ಬದಲಿಸುತ್ತಿದ್ದರು. ನನ್ನ ದನಿ ಎಷ್ಟೋ ವರ್ಷಗಳ ಮೇಲೆ ಹೊಳೆ ದಾಟುವ ಎತ್ತರಕ್ಕೆ ಏರಿತು.

ಭಾನುವಾರ ಚೌಕಟ್ಟು ಬಿಚ್ಚಿದೆವು. ತುಕ್ಕು ಹಿಡಿದ ಪಿನ್ನು ತೆಗೆದು, ಶಾರದೆಯ ಜಾಗದಲ್ಲಿ ಗಂಗಕ್ಕನ ಹೆಸರನ್ನು ನಾನೇ ಹೊಲಿದೆ. ಪಕ್ಕದಲ್ಲಿ ನನ್ನ ನಾಯಿ ಹಸುವಿನ ಹಾಳೆಯನ್ನು ಅನ್ವಿ ಅಂಟಿಸಿದಳು. ಅದರ ಮೂಲೆಗೆ "ಕು. ಸುವರ್ಣಾ" ಚೂರು. ಐವತ್ತೆಂಟನೇ ವಯಸ್ಸಿಗೆ ಕುಮಾರಿಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಸೋಮವಾರ ಬೆಳಗ್ಗೆ ಹೋಳಿ. ಬೀದಿಯಲ್ಲಿ ತಮಟೆ ಶುರುವಾಗುವ ಮೊದಲೇ ನಾನೂ ಅನ್ವಿಯೂ ಬಕೀಟಿನಲ್ಲಿ ಗುಲಾಬಿ ಬಣ್ಣ ಕಲಸಿ ಮುಗಿಸಿದ್ದೆವು. ಮೊಣಕೈವರೆಗೆ ಅದ್ದಿದೆ. ಒಂದು ಗುಳ್ಳೆಯೂ ಏಳಲಿಲ್ಲ. ನಮ್ಮವರು ಬಾತ್‌ರೂಮಿನಲ್ಲಿ ಅಡಗಿದ್ದರು, ಅನ್ವಿ ಹುಡುಕಿಕೊಟ್ಟಳು. ಅಲ್ಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಓಡಿದರು. ಕೊನೆಗೆ ಸೋಫಾ ಹತ್ತಿ, ಗಂಗಕ್ಕನ ಚಂದ್ರನಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತರು.

"ಬ್ಯಾಡ! ಚಿತ್ರಕ್ಕೆ ಬಣ್ಣ ಹಾರ್ತೈತೆ! ಸುವರ್ಣಾ, ಬ್ಯಾಡ ಕಣೇ!"

ನಾನು ನಿಂತುಬಿಟ್ಟೆ. ಆ ಹೆಸರು ಹಿಡಿದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

"ಇನ್ನೊಂದು ಸಲ ಕರೀರಿ," ಎಂದೆ.

"ಸುವರ್ಣಾ," ಎಂದರು, ಬಚಾವಾದೆ ಎಂಬ ಆಸೆಯಿಂದ, ಬಹಳ ಮೃದುವಾಗಿ.

ನಾನು ಸೋಫಾ ಹತ್ತಿ ಅವರ ಎರಡೂ ಕೆನ್ನೆಗೆ ಬಳಿದೆ. ಗಂಗಕ್ಕ ಹೇಳಿಕೊಟ್ಟಿದ್ದನ್ನು ಆವತ್ತು ಪಾಲಿಸಲಿಲ್ಲ. ಒಂದಿಷ್ಟೂ ಜಾಗ ಬಿಡಲಿಲ್ಲ.